ಬಣ್ಣ ಹೋದ ಅಲಿಕತ್ತ್

ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದಾಗ ನಾನೊಂದು ತಪ್ಪು ಮಾಡಿದೆ. ಉಮ್ಮನ ಪೆಟ್ಟಿಗೆಯಲ್ಲಿ ಅಜ್ಜಿಯ ಅಲಿಕತ್ತ್ ಇತ್ತು. ಅಲ್ಲಲ್ಲಿ ಕಪ್ಪಾಗಿತ್ತು. ಹೊಳಪು ಬರಲಿ ಎಂದು ಹಿತ್ತಾಳೆ ಉಜ್ಜುವ ಪಾಲಿಶ್ ತಂದು ತಿಕ್ಕಿದೆ. ಐದೇ ನಿಮಿಷದಲ್ಲಿ ಹಳದಿ ಹೋಗಿ ಕೆಂಪು ತಾಮ್ರ ಕಂಡಿತು. ಅಜ್ಜಿಯ ಮದುವೆಯ ಚಿನ್ನ ಎಂದು ನಾವು ಮಕ್ಕಳೆಲ್ಲ ನಂಬಿದ್ದ ಒಡವೆ ಅದು. ಉಮ್ಮ ಬೈಯಲಿಲ್ಲ. "ನನಗೆ ಗೊತ್ತಿತ್ತು" ಎಂದಷ್ಟೇ ಹೇಳಿ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟರು.

ಅಜ್ಜಿಯ ಮದುವೆ 1964ರಲ್ಲಿ. ಒಡವೆ ಯಾಕೆ ಇಷ್ಟು ಕಡಿಮೆ ಎಂದು ಯಾರಾದರೂ ಕೇಳಿದರೆ "ಆಗ ಸರ್ಕಾರ ಚಿನ್ನ ಮಾಡಲು ಬಿಡುತ್ತಿರಲಿಲ್ಲ" ಎನ್ನುತ್ತಿದ್ದರಂತೆ. ಅದು ಪೂರ್ತಿ ಸುಳ್ಳಲ್ಲ. ಚೀನಾ ಯುದ್ಧದ ನಂತರ, ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿಯಾಗಿದ್ದಾಗ, 1963ರ ಜನವರಿಯಲ್ಲಿ ಚಿನ್ನ ನಿಯಂತ್ರಣ ನಿಯಮ ಬಂತು. ಹೊಸದಾಗಿ ಮಾಡುವ ಒಡವೆ 14 ಕ್ಯಾರೆಟ್‌ಗಿಂತ ಹೆಚ್ಚು ಶುದ್ಧವಿರಬಾರದು. 22 ಕ್ಯಾರೆಟ್‌ನಲ್ಲಿ ನೂರಕ್ಕೆ ಸುಮಾರು 92 ಪಾಲು ಚಿನ್ನವಿದ್ದರೆ 14ರಲ್ಲಿ 58 ಮಾತ್ರ. ಎಷ್ಟೋ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು. 14 ಕ್ಯಾರೆಟ್ ಮಿತಿ 1966ರಲ್ಲಿ ಹೋಯಿತು. 1968ರಲ್ಲಿ ಬಂದ ಚಿನ್ನ ನಿಯಂತ್ರಣ ಕಾಯ್ದೆ ಮಾತ್ರ 1990ರವರೆಗೆ ಉಳಿಯಿತು. ಆದರೆ ಬಡವರಿಗೆ ಕಾನೂನಿಗಿಂತ ದೊಡ್ಡ ತಡೆ ಬೆಲೆಯೇ. ಅಜ್ಜಿ ಕಾನೂನಿನ ಹೆಸರು ಹೇಳಿ ತನ್ನ ತಂದೆಯ ಮಾನ ಕಾಪಾಡಿದರು.

ತಾಮ್ರಕ್ಕೆ ಚಿನ್ನದ ಬಣ್ಣ ಕೊಡುವ ವಿದ್ಯೆ ಬಹಳ ಹಳೆಯದು. ಮೊದಲು ಚಿನ್ನವನ್ನು ಪಾದರಸದಲ್ಲಿ ಬೆರೆಸಿ ಲೋಹಕ್ಕೆ ಹಚ್ಚಿ ಕಾಯಿಸುತ್ತಿದ್ದರು. ಪಾದರಸ ಹೊಗೆಯಾಗಿ ಹೋಗಿ ಚಿನ್ನ ಉಳಿಯುತ್ತಿತ್ತು. ಆ ಹೊಗೆ ಕೆಲಸಗಾರರ ಆರೋಗ್ಯ ಕೆಡಿಸುತ್ತಿತ್ತು. 1805ರಲ್ಲಿ ಇಟಲಿಯ ಬ್ರುನ್ಯಾಟೆಲ್ಲಿ ವಿದ್ಯುತ್ತಿನಿಂದ ಚಿನ್ನ ಲೇಪಿಸಿದರು. 1840ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್‌ಟನ್‌ರು ಸಯನೈಡ್ ದ್ರಾವಣದ ವಿಧಾನಕ್ಕೆ ಪೇಟೆಂಟ್ ಪಡೆದರು. ಇಂದಿಗೂ ಬಹುಪಾಲು ಚಿನ್ನದ ಲೇಪನದ ಮೂಲ ಅದೇ. ನಮ್ಮ ಕಡೆ ಕವರಿಂಗ್, ಆಂಧ್ರದ ಮಚಲೀಪಟ್ಟಣದಲ್ಲಿ ರೋಲ್ಡ್ ಗೋಲ್ಡ್ ಎಂದು ಹೆಸರು ಬೇರೆ ಬೇರೆ. ಬಾಪನ ಫ್ಯಾನ್ಸಿ ಅಂಗಡಿಯಲ್ಲಿ ಎಲ್ಲವೂ ಒಂದೇ ಗಾಜಿನ ಪೆಟ್ಟಿಗೆಯೊಳಗೆ ಇರುತ್ತಿದ್ದವು.

ನನ್ನ ತಪ್ಪು ಏನೆಂದು ಆಮೇಲೆ ತಿಳಿಯಿತು. ಚಿನ್ನ ಕಪ್ಪಾಗುವುದಿಲ್ಲ. ಅಡಿಯ ತಾಮ್ರ ವರ್ಷಗಟ್ಟಲೆ ನಿಧಾನವಾಗಿ ಚಿನ್ನದ ಪದರದೊಳಗಿಂದ ಮೇಲಕ್ಕೆ ಬಂದು, ಗಾಳಿ ತಾಗಿ ಕಪ್ಪಾಗುತ್ತದೆ. ಇದನ್ನು ತಡೆಯಲು ಮಧ್ಯೆ ನಿಕಲ್ ಪದರ ಹಾಕುವುದುಂಟು. ಅಂದರೆ ನಾನು ತಿಕ್ಕುವಾಗಲೂ ಚಿನ್ನ ಅಲ್ಲೇ ಇತ್ತು. ಅರ್ಧ ಮೈಕ್ರಾನ್ ಲೇಪನವೆಂದರೆ ತಲೆಗೂದಲಿನ ದಪ್ಪದ ನೂರರಲ್ಲೊಂದು ಪಾಲೂ ಅಲ್ಲ. ಕೊಳೆ ತೆಗೆಯುತ್ತೇನೆಂದು ಇದ್ದ ಚಿನ್ನವನ್ನೇ ಉಜ್ಜಿ ತೆಗೆದೆ.

ಹಾಗಾಗಿ ಹಳೆಯ ಕವರಿಂಗ್ ಒಡವೆ ಇರುವವರಿಗೆ ಒಂದು ಮಾತು. ಪಾಲಿಶ್, ಟೂತ್‌ಪೇಸ್ಟ್, ಹುಣಸೆಹುಳಿ ಯಾವುದೂ ಬೇಡ. ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು, ಮೆದು ಬ್ರಷ್ ಸಾಕು. ಅಂಟಿಸಿದ ಕಲ್ಲಿದ್ದರೆ ನೀರಲ್ಲಿ ನೆನೆಸಬೇಡಿ. ಮರುಲೇಪನ ಬೇಕೆಂದರೆ ಕೆಲಸ ಬಲ್ಲವರಿಗೇ ಕೊಡಿ, ಸಯನೈಡ್ ಮನೆಯಲ್ಲಿ ಆಡುವ ವಸ್ತುವಲ್ಲ. ಕಲ್ಲು, ಮುತ್ತುಗಳನ್ನು ಮೊದಲು ಬಿಚ್ಚಿಸಿ. ಜಿಡ್ಡು ಪೂರ್ತಿ ಹೋಗಿದೆಯೇ ಎಂದು ನೋಡುವ ಪರೀಕ್ಷೆ ಸುಲಭ. ತೊಳೆದ ಲೋಹದ ಮೇಲೆ ನೀರು ಹನಿಯಾಗಿ ನಿಲ್ಲದೆ ಹಾಳೆಯಂತೆ ಹರಡಬೇಕು. ಜಿಡ್ಡು ಉಳಿದ ಕಡೆ ಲೇಪನ ಸಿಪ್ಪೆಯಂತೆ ಏಳುತ್ತದೆ.

ಹೋದ ವರ್ಷ ಅಲಿಕತ್ತನ್ನು ಲೇಪನದವರಲ್ಲಿಗೆ ಒಯ್ದೆ. ಹೊಸದರಂತೆ ಮಾಡಲು ಮೊದಲು ಪೂರ್ತಿ ಉಜ್ಜಿ ನುಣುಪು ಮಾಡಬೇಕು, ಆಗ ಸಣ್ಣ ಕೆತ್ತನೆ ಸವೆಯುತ್ತದೆ ಎಂದರು. ಉಮ್ಮನಿಗೆ ಫೋನ್ ಮಾಡಿ ಕೇಳಿದೆ.

"ಕೆತ್ತನೆ ಇರಲಿ, ಬಣ್ಣ ಎಷ್ಟು ಕೂತರೆ ಅಷ್ಟು ಸಾಕು" ಎಂದರು.

ಉಜ್ಜದೆ, ಬರೀ ತೊಳೆದು ತೆಳ್ಳಗೆ ಲೇಪಿಸಿದರು. ಮುಂಭಾಗ ಹಳದಿಯಾಯಿತು. ಅಜ್ಜಿಯ ಕಿವಿಗೆ ತಾಗಿ ಸವೆದ ಕೊಂಡಿ ಈಗಲೂ ಹಾಗೆಯೇ ಸಪುರವಾಗಿದೆ. ಈಗ ಕೇಳಿದವರಿಗೆ ಉಮ್ಮ "ತಾಮ್ರದ್ದು, ನನ್ನ ಉಮ್ಮನ ಮದುವೆಯದ್ದು" ಎಂದೇ ಹೇಳುತ್ತಾರೆ.