ಆಕಾಶಕ್ಕೂ ಬೇಲಿ ಉಂಟು

ಭೂಗೋಳದ ಮೇಲೆ ಫಿನ್ಲೆಂಡಿನ ಹೆಲ್ಸಿಂಕಿಯಿಂದ ಜಪಾನಿನ ಟೋಕಿಯೊವರೆಗೆ ಬಿಗಿಯಾಗಿ ಒಂದು ದಾರ ಹಿಡಿದರೆ, ಅದು ರಷ್ಯದ ಸೈಬೀರಿಯವನ್ನು ಹಾದು ಹೋಗುತ್ತದೆ. ಅದರ ಅಳತೆ ಸುಮಾರು 7,800 ಕಿಲೋಮೀಟರ್. ಈ ದೂರ ಎಂದಿಗೂ ಬದಲಾಗದು. ಆದರೆ ಎರಡೂ ಊರುಗಳ ನಡುವಣ ವಿಮಾನ ಪ್ರಯಾಣದ ಅವಧಿ ಮಾತ್ರ ನಾಲ್ಕು ದಶಕಗಳಲ್ಲಿ ಹದಿಮೂರು ಗಂಟೆಯಿಂದ ಒಂಬತ್ತೂವರೆಗೆ ಇಳಿದು, ಮತ್ತೆ ಹದಿಮೂರಕ್ಕೆ ಏರಿತು. ಇದಕ್ಕೆ ಕಾರಣ ವಿಮಾನದ ವೇಗವಲ್ಲ, ರಾಜಕೀಯ.

ತನ್ನ ನೆಲದ ಮೇಲಿನ ಆಕಾಶದ ಒಡೆತನ ಆಯಾ ದೇಶದ್ದೇ ಎಂದು 1944ರ ಷಿಕಾಗೊ ಒಪ್ಪಂದ ಸಾರಿತು. ಶೀತಲ ಸಮರದ ಕಾಲದಲ್ಲಿ ಸೋವಿಯತ್ ಒಕ್ಕೂಟ ತನ್ನ ವಿಶಾಲ ಆಕಾಶವನ್ನು ಪಶ್ಚಿಮದ ವಿಮಾನಗಳಿಗೆ ಬಹುಮಟ್ಟಿಗೆ ಮುಚ್ಚಿತ್ತು. ಹೀಗಾಗಿ 1957ರಲ್ಲಿ ಸ್ಕ್ಯಾಂಡಿನೇವಿಯದ ಎಸ್‌ಎಎಸ್ ಸಂಸ್ಥೆಯು ಕೋಪನ್‌ಹೇಗನ್‌ನಿಂದ ಉತ್ತರ ಧ್ರುವದತ್ತ ಸಾಗಿ, ಅಲಾಸ್ಕದ ಆಂಕರೇಜ್‌ನಲ್ಲಿ ಇಂಧನ ತುಂಬಿಸಿಕೊಂಡು ಟೋಕಿಯೊ ಸೇರುವ ಮಾರ್ಗ ಆರಂಭಿಸಿತು. 1983ರ ಏಪ್ರಿಲ್‌ನಲ್ಲಿ ಫಿನ್‌ಏರ್ ಸಂಸ್ಥೆಯ ಡಿಸಿ-10 ವಿಮಾನ ಎಲ್ಲಿಯೂ ಇಳಿಯದೆ, ಧ್ರುವ ಪ್ರದೇಶ ಹಾಗೂ ಬೇರಿಂಗ್ ಜಲಸಂಧಿಯ ಮೇಲೆ ಸುತ್ತಿ ಟೋಕಿಯೊ ತಲಪಿತು.

ಬೇಲಿ ದಾಟಿದರೆ ಏನಾದೀತು ಎಂಬುದನ್ನು ಅದೇ ವರ್ಷದ ಸೆಪ್ಟೆಂಬರ್ 1 ತೋರಿಸಿತು. ಆಂಕರೇಜ್‌ನಿಂದ ಸೋಲ್‌ಗೆ ಹೊರಟಿದ್ದ ಕೊರಿಯದ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ಆಕಾಶ ಹೊಕ್ಕಿತು. ಸೋವಿಯತ್ ಯುದ್ಧವಿಮಾನ ಅದನ್ನು ಹೊಡೆದುರುಳಿಸಿತು. 269 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ನಾಗರಿಕ ವಿಮಾನಗಳ ಮೇಲೆ ಶಸ್ತ್ರ ಪ್ರಯೋಗಿಸಕೂಡದೆಂಬ ತಿದ್ದುಪಡಿಯನ್ನು ಮರುವರ್ಷ ಷಿಕಾಗೊ ಒಪ್ಪಂದಕ್ಕೆ ಸೇರಿಸಲು ನಿರ್ಧರಿಸಲಾಯಿತು.

1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದ ಬಳಿಕ ಸೈಬೀರಿಯದ ದಾರಿ ತೆರೆದುಕೊಂಡಿತು. ರಷ್ಯಕ್ಕೆ ಶುಲ್ಕ ತೆತ್ತು ವಿಮಾನಗಳು ನೇರವಾಗಿ ಹಾರತೊಡಗಿದವು. ಒಂದೇ ವಿಮಾನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಏಷ್ಯಕ್ಕೆ ಹೋಗಿ ಮರಳಬಲ್ಲದೆಂಬ ಅನುಕೂಲವನ್ನೇ ನೆಚ್ಚಿಕೊಂಡು ಫಿನ್‌ಏರ್ ತನ್ನ ವಹಿವಾಟು ಬೆಳೆಸಿತು. 2022ರ ಫೆಬ್ರುವರಿಯಲ್ಲಿ ರಷ್ಯ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಯುರೋಪ್ ಒಕ್ಕೂಟ ರಷ್ಯದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದಾಗ ರಷ್ಯವೂ ಹಾಗೆಯೇ ಮಾಡಿತು. ಫಿನ್‌ಏರ್ ಮತ್ತೆ ಉತ್ತರ ಧ್ರುವದ ದಾರಿ ಹಿಡಿಯಬೇಕಾಯಿತು. ದೂರ ಸುಮಾರು 13,000 ಕಿಲೋಮೀಟರಿಗೆ ಹಿಗ್ಗಿತು. ಹೆಚ್ಚಿದ ದೂರವೇ ಬೆಂಗಳೂರು-ದೆಹಲಿ ನಡುವಣ ಹಾರಾಟದ ಮೂರರಷ್ಟು! ಧ್ರುವ ದಾಟಿದ್ದಕ್ಕೆ ಪ್ರಯಾಣಿಕರಿಗೆ ಪ್ರಮಾಣಪತ್ರ ದೊರೆಯಿತು. ಆದರೆ ಇಂಧನದ ಹೊರೆ ಸಂಸ್ಥೆಯ ಹೆಗಲೇರಿತು. ನಿಷೇಧಕ್ಕೆ ಒಳಗಾಗದ ಚೀನದ ವಿಮಾನಗಳು ಮಾತ್ರ ರಷ್ಯದ ಮೇಲಿನ ಹತ್ತಿರದ ದಾರಿಯಲ್ಲೇ ಯುರೋಪಿಗೆ ಹಾರುತ್ತಿದ್ದವು.

ಭಾರತಕ್ಕೂ ಇದರ ಬಿಸಿ ತಟ್ಟಿದೆ. ಪಹಲ್ಗಾಮ್ ದಾಳಿಯ ನಂತರ, 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ದೆಹಲಿಯಿಂದ ಯುರೋಪ್, ಅಮೆರಿಕಗಳಿಗೆ ಹೊರಟವರು ಅರಬ್ಬೀ ಸಮುದ್ರದ ಕಡೆಯಿಂದ ಸುತ್ತಿ ಹೋಗಬೇಕಾಯಿತು. ನೆರೆಹೊರೆಯವರ ಜಗಳಕ್ಕೆ ದಾರಿಹೋಕರು ಸುಂಕ ತೆರುವುದು ನೆಲದ ಮೇಲೆ ಹಳೆಯ ಮಾತು. ಮುಗಿಲಿಗೂ ಅದು ತಪ್ಪಲಿಲ್ಲ.