ಆಟಿಸಂ: ಬದಲಾದ ವ್ಯಾಖ್ಯೆಗಳು

ಆಟಿಸಂ (ಸ್ವಲೀನತೆ) ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ರಕ್ತಪರೀಕ್ಷೆಯಿಂದಾಗಲಿ ಸ್ಕ್ಯಾನ್‌ನಿಂದಾಗಲಿ ಇದನ್ನು ಗುರುತಿಸಲಾಗದು; ನಡವಳಿಕೆಯನ್ನು ಗಮನಿಸಿಯೇ ನಿರ್ಣಯಿಸಬೇಕು. ಹಾಗಾಗಿ ವ್ಯಾಖ್ಯೆ ಬದಲಾದಂತೆ ಆಟಿಸಂ ಇದೆಯೆಂದು ಗುರುತಿಸಲ್ಪಡುವವರ ಸಂಖ್ಯೆಯೂ ಬದಲಾಗುತ್ತದೆ.

ಬಾಲ್ಟಿಮೋರ್‌ನ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಇದ್ದ 11 ಮಕ್ಕಳ ವಿವರ ಪ್ರಕಟಿಸಿದರು. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಮಾತು ಬಲ್ಲ, ಆದರೆ ಇತರರೊಡನೆ ಬೆರೆಯಲು ಕಷ್ಟಪಡುವ ಹುಡುಗರ ಬಗ್ಗೆ ಬರೆದರು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಡಿಎಸ್ಎಂ 1980ರಲ್ಲಿ ಆಟಿಸಂ ಅನ್ನು ಪ್ರತ್ಯೇಕ ಸ್ಥಿತಿಯೆಂದು ಸೇರಿಸಿ, 30 ತಿಂಗಳೊಳಗೆ ಲಕ್ಷಣ ಕಾಣಬೇಕೆಂದಿತು. 1987ರಲ್ಲಿ ಮಾನದಂಡ ಸಡಿಲವಾಯಿತು. 1994ರಲ್ಲಿ ಆಸ್ಪರ್ಗರ್ ಸಿಂಡ್ರೋಮ್ ಸೇರಿತು. 2013ರ ಡಿಎಸ್ಎಂ-5 ಉಪವಿಭಾಗಗಳನ್ನು ತೆಗೆದು ‘ಆಟಿಸಂ ಸ್ಪೆಕ್ಟ್ರಂ’ ಎಂಬ ಒಂದೇ ಹೆಸರಿಟ್ಟಿತು. ಕುಕ್ಕರ್ ಸೀಟಿಗೆ ಮಗು ಕಿವಿ ಮುಚ್ಚಿಕೊಂಡು ಚೀರುವಂಥ ಸಂವೇದನಾ ತೊಂದರೆಗಳನ್ನೂ ಲಕ್ಷಣಗಳ ಪಟ್ಟಿಗೆ ತಂದಿತು. ಎಡಿಎಚ್‌ಡಿಯನ್ನು (ಗಮನ ಕೊರತೆ, ಅತಿಚಟುವಟಿಕೆಯ ಸ್ಥಿತಿ) ಆಟಿಸಂ ಜೊತೆಗೇ ಗುರುತಿಸಲು ಅವಕಾಶ ಕೊಟ್ಟಿತು.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಪ್ರಕಾರ, ಎಂಟು ವರ್ಷದ ಮಕ್ಕಳಲ್ಲಿ ಆಟಿಸಂ ಗುರುತಿಸಲ್ಪಟ್ಟವರು 2000ದಲ್ಲಿ 150ಕ್ಕೆ ಒಬ್ಬರಿದ್ದದ್ದು 2022ರಲ್ಲಿ 31ಕ್ಕೆ ಒಬ್ಬರಾಯಿತು. ಇದನ್ನು ಸಾಂಕ್ರಾಮಿಕದಂತೆ ಬಣ್ಣಿಸುವುದು ತಪ್ಪು. ವಿಶಾಲ ವ್ಯಾಖ್ಯೆ, ಹೆಚ್ಚಿದ ಅರಿವು ಮತ್ತು ತಪಾಸಣೆ ಈ ಏರಿಕೆಯ ಬಹುಪಾಲಿಗೆ ಕಾರಣ. ಹಿಂದೆ ಕಣ್ಣಿಗೆ ಬೀಳದಿದ್ದ ಹೆಣ್ಣುಮಕ್ಕಳು, ವಯಸ್ಕರು ಈಗ ಗುರುತಿಸಲ್ಪಡುತ್ತಿದ್ದಾರೆ. ಆದರೆ ಮಾತೇ ಬಾರದ, ಸದಾ ಆರೈಕೆ ಬೇಕಾದವರ ಅಗತ್ಯಗಳು ಒಂದೇ ಹೆಸರಿನಡಿ ಮರೆಯಾಗಬಾರದು.

ಭಾರತದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂಗೆ ಮಾನ್ಯತೆ ನೀಡಿದೆ. ಪ್ರಮಾಣಪತ್ರ, ಮೀಸಲಾತಿ, ಶಾಲಾ ನೆರವು ದೊರೆಯುವುದು ನಿರ್ಣಯದ ಆಧಾರದ ಮೇಲೆಯೇ. ಹೀಗಾಗಿ ವ್ಯಾಖ್ಯೆಯ ಪ್ರತಿ ತಿದ್ದುಪಡಿಯೂ ಕುಟುಂಬಗಳ ಬದುಕನ್ನು ನೇರವಾಗಿ ಮುಟ್ಟುತ್ತದೆ.