ಬೋರ್‌ವೆಲ್‌ನಿಂದ ಬಿಳಿ ಹೊಗೆ: ಕೈವಾರದ ಕೆಳಗೆ ಜ್ವಾಲಾಮುಖಿ ಇದೆಯೇ?

ಚಳಿಗಾಲದ ಬೆಳಗ್ಗೆ ಬೋರ್‌ವೆಲ್‌ನಿಂದ ಬಿಳಿ ಹೊಗೆ ಏಳುವ ವಿಡಿಯೋ, ಜೊತೆಗೆ ‘ಭೂಮಿಯೊಳಗೆ ಜ್ವಾಲಾಮುಖಿ ಎದ್ದಿದೆ, ಎಲ್ಲರಿಗೂ ಕಳಿಸಿ’ ಎಂಬ ಸಂದೇಶ. ಇಂಥದ್ದು ಕೈವಾರ, ಚಿಂತಾಮಣಿಯ ಹೆಸರಿನಲ್ಲಿ ನಿಮ್ಮ ಗ್ರೂಪಿಗೆ ಬಂದರೆ ನಂಬಬಹುದೇ? ಇಲ್ಲ. ಕಾರಣ ನೋಡೋಣ.

ಫ್ಯೂಮರೋಲ್ ಎಂದರೇನು?
ಜ್ವಾಲಾಮುಖಿ ಇರುವ ಕಡೆ ನೆಲದ ಬಿರುಕಿನಿಂದ ಹಬೆ ಮತ್ತು ಬಿಸಿ ಅನಿಲ ಹೊರಬರುವ ಕಂಡಿಯೇ ಫ್ಯೂಮರೋಲ್. ಕೆಳಗಿರುವ ಶಿಲಾಪಾಕದ ಶಾಖಕ್ಕೆ ಅಂತರ್ಜಲ ಕುದಿದು ಹಬೆಯಾಗುತ್ತದೆ. ಅದರ ಜೊತೆ ಇಂಗಾಲದ ಡೈಆಕ್ಸೈಡ್, ಗಂಧಕದ ಅನಿಲಗಳೂ ಬರುತ್ತವೆ. ಸುತ್ತ ಹಳದಿ ಗಂಧಕ ಕಟ್ಟಿಕೊಳ್ಳುವುದು, ಕೊಳೆತ ಮೊಟ್ಟೆಯ ವಾಸನೆ ಬರುವುದು ಇದರ ಗುರುತು. ಭಾರತದಲ್ಲಿ ಸಕ್ರಿಯ ಜ್ವಾಲಾಮುಖಿ ಇರುವುದು ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ.

ಕೈವಾರದಲ್ಲಿ ಏಕೆ ಇಲ್ಲ?
ಕೈವಾರ ಬೆಟ್ಟಕ್ಕೆ ಭೀಮ–ಬಕಾಸುರರ ಕಥೆ ಅಂಟಿಕೊಂಡಿದೆ. ಬಂಡೆಯ ಕಥೆ ಇನ್ನೂ ಹಳೆಯದು. ಈ ಭಾಗದ ಗ್ರಾನೈಟ್, ನೈಸ್ ಶಿಲೆಗಳಿಗೆ ಸುಮಾರು 250 ಕೋಟಿ ವರ್ಷ. ಒಂದು ಕಾಲದಲ್ಲಿ ಇವೂ ಕರಗಿದ ಶಿಲೆಯೇ. ಆದರೆ ಆಳದಲ್ಲೇ ತಣ್ಣಗಾಗಿ ಗಟ್ಟಿಯಾಗಿ ಎಷ್ಟೋ ಕಾಲವಾಯಿತು. ಪಕ್ಕದ ಕೋಲಾರ ಚಿನ್ನದ ಗಣಿಯೇ ಸಾಕ್ಷಿ. ಅಲ್ಲಿ ಸುಮಾರು 3 ಕಿಲೋಮೀಟರ್ ಆಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಅಷ್ಟು ಕೆಳಗೂ ನೀರು ಕುದಿಯುವಷ್ಟು ಬಿಸಿ ಇರಲಿಲ್ಲ. ಸಾವಿರ ಅಡಿ ಬೋರ್‌ವೆಲ್ ಅದರ ಹತ್ತನೇ ಒಂದು ಭಾಗ ಮಾತ್ರ.

ಹಾಗಾದರೆ ಹೊಗೆ ಯಾವುದು?
ಆಳದ ನೀರು ವರ್ಷವಿಡೀ ಬೆಚ್ಚಗಿರುತ್ತದೆ. ಜನವರಿಯ ಚಳಿಗಾಳಿ ತಾಗಿದೊಡನೆ ಅದರ ಆವಿ ಸಣ್ಣ ಹನಿಗಳಾಗಿ ಮಂಜಿನಂತೆ ಕಾಣುತ್ತದೆ, ನಮ್ಮ ಬಾಯಿಂದ ಹೊರಡುವ ಉಸಿರಿನ ಹಾಗೆ. ಬಿಸಿಲೇರಿದರೆ ಮಾಯ. ಸುಟ್ಟ ವಾಸನೆ ಬಂದರೆ ಕಥೆ ಬೇರೆ: ಕೇಬಲ್ ಅಥವಾ ಸ್ಟಾರ್ಟರ್ ಸುಟ್ಟಿರಬಹುದು. ಮುಟ್ಟದೆ ಲೈನ್‌ಮನ್‌ಗೆ ತಿಳಿಸಿ.

ನಿಜವಾದ ಅಪಾಯ
ನಾವು ಹೆದರಬೇಕಾದದ್ದು ಹಾಳುಬಾವಿ, ಮುಚ್ಚಿದ ಗುಂಡಿಗಳಿಗೆ. ಅಲ್ಲಿ ಆಮ್ಲಜನಕ ಕಡಿಮೆಯಾಗಿ, ಕಣ್ಣಿಗೆ ಕಾಣದ, ವಾಸನೆಯೂ ಇಲ್ಲದ ಇಂಗಾಲದ ಡೈಆಕ್ಸೈಡ್ ತುಂಬಿರಬಹುದು. ಅದು ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಒಳಗೆ ಇಳಿದವರು ಪ್ರಜ್ಞೆ ತಪ್ಪಿದರೆ ಕಾಪಾಡಲೆಂದು ಇನ್ನೊಬ್ಬರು ಇಳಿಯಬೇಡಿ. 112ಕ್ಕೆ ಕರೆ ಮಾಡಿ. ಗ್ರೂಪಿಗೆ ಕಳಿಸುವುದಾದರೆ ಈ ಮಾತನ್ನು ಕಳಿಸಿ.